ಓಡಿ ಗೆದ್ದ ಜನರಲ್ ಮತ್ತು ನಮ್ಮ ಮಾಮಾ

ನಮ್ಮ ಮಾಮಾ ಈ ಅರವತ್ತೆರಡು ವರ್ಷಗಳಲ್ಲಿ ಒಂದೇ ಒಂದು ಜಗಳವನ್ನೂ ಗೆದ್ದವರಲ್ಲ. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಮನೆಗೆ ಬಂದವರನ್ನೆಲ್ಲ ಕೂಡಿಸಿಕೊಂಡು, ಚಹಾ ಕೊಟ್ಟು, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸೋತದ್ದಕ್ಕೆ ಇಷ್ಟು ಬೀಗುವ ಇನ್ನೊಬ್ಬ ಮನುಷ್ಯನನ್ನು ನೀವು ಕಂಡಿದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಭೇಟಿ ಮಾಡಿಸೋಣ. ಆದರೆ ಇಬ್ಬರೂ ಹಿತ್ತಲ ಬಾಗಿಲಿನಿಂದ ಜಾರಿಕೊಂಡು ಹೋದಾರು!

ಮಾಮಾ ಅಂದರೆ ನನ್ನ ಅವ್ವನ ಅಣ್ಣ. ಕಲಬುರ್ಗಿಯಿಂದ ಹೈದರಾಬಾದಿಗೆ ಬಂದು ಹಿಮಾಯತ್‌ನಗರದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸದ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅಲ್ಲೇ ಗಲ್ಲಿಯೊಂದರಲ್ಲಿ ಮೂರು ಕೋಣೆಯ ಮನೆ. ಮಕ್ಕಳಿಲ್ಲ, ಮಾಮಾ ಮಾಮಿ ಇಬ್ಬರೇ. ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ದಿನಗಳು ಅವು. ಕಂಪ್ಯೂಟರ್ ಕಲಿತವರನ್ನೆಲ್ಲ ಕಂಪೆನಿಗಳು ಕೈಹಿಡಿದು ಒಳಗೆ ಕರೆಯುತ್ತಿದ್ದವು. ನಾನೂ ಒಂದು ಕೆಲಸ ಹಿಡಿದು, ಸೂಟ್‌ಕೇಸ್ ಹೊತ್ತು ಇವರ ಮನೆಗೆ ಬಂದಿಳಿದೆ. ಬಾಗಿಲಲ್ಲೇ ಮಾಮಾ ನನ್ನ ಕೈಯಿಂದ ಸೂಟ್‌ಕೇಸ್ ಇಸಿದುಕೊಂಡು ಕೇಳಿದ ಮೊದಲ ಮಾತು ಇದು: "ಬಂದೀ, ಭಾಳ ಛಲೋ ಆತು. ಹೊಳ್ಳಿ ಹೋಗೂ ಟಿಕೆಟ್ ತಗಸೀಯೇನು?"

ನನಗೆ ಕಣ್ಣಲ್ಲಿ ನೀರೇ ಬಂತು. ಮಾಮಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಸಮಾಧಾನ ಮಾಡಿದರು. "ಮನಸ್ಸಿಗೆ ಹಚ್ಕೋಬ್ಯಾಡವಾ. ನಾ ಮದುವಿ ಮಾಡ್ಕೊಂಡು ಬಂದ ದಿನಾನೂ ಇದನ್ನ ಕೇಳಿದ್ರು."

ಇದೆಲ್ಲಕ್ಕೂ ಮೂಲ ಒಬ್ಬ ಜನರಲ್. ಮಾಮಾ ಎಷ್ಟೋ ವರ್ಷಗಳ ಹಿಂದೆ ಆಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ರಟ್ಟು ಕಿತ್ತ ಒಂದು ದಪ್ಪ ಪುಸ್ತಕ ಕೊಂಡರು. ಅಮೆರಿಕದವರು ಇಂಗ್ಲಿಷರ ವಿರುದ್ಧ ಬಿಡುಗಡೆಗಾಗಿ ಕಾದಾಡಿದರಲ್ಲ, ಆ ಯುದ್ಧದ ಕಥೆ. ಅದರಲ್ಲಿ ದಕ್ಷಿಣದ ಸೀಮೆಗೆ ಕಳಿಸಿದ ಒಬ್ಬ ಜನರಲ್ ಬರುತ್ತಾನೆ. ಅವನ ಹೆಸರು ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ, ನಮ್ಮ ಮನೆಯಲ್ಲಿ ಅವನು ಬರೀ 'ಜನರಲ್'. ಕಬ್ಬಿಣದ ಕೆಲಸದ ಮನೆತನದವನು. ಒಂದು ಕಾಲು ಕುಂಟು, ಜೊತೆಗೆ ದಮ್ಮು. ಅವನ ಕೈಗೆ ಬಂದದ್ದು ಆಗಲೇ ಸೋತು ಸುಣ್ಣವಾಗಿದ್ದ, ಹೊಟ್ಟೆಗಿಲ್ಲದ, ಮೈಮೇಲೆ ಬಟ್ಟೆಯಿಲ್ಲದ ದಂಡು. ಇಂಥ ದಂಡು ಕಟ್ಟಿಕೊಂಡು ಅವನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ತುಪಾಕಿ ತರಿಸಲಿಲ್ಲ, ಭಾಷಣ ಮಾಡಲಿಲ್ಲ. ಹಿಂದೆ ಇರುವ ಹೊಳೆಗಳ ಆಳ ಅಳೆಸಿದ, ದೋಣಿ ಕೂಡಿಸಿಟ್ಟ!

ಆಮೇಲೆ ಓಡಿದ. ಇಂಗ್ಲಿಷ್ ಸೇನಾಪತಿ ಬೆನ್ನಟ್ಟಿದ. ಬೇಗ ಹಿಡಿಯಬೇಕೆಂಬ ಹಟದಲ್ಲಿ ತನ್ನ ಸಾಮಾನಿನ ಬಂಡಿಗಳಿಗೆ ತಾನೇ ಬೆಂಕಿ ಕೊಟ್ಟು ಬೆನ್ನಟ್ಟಿದ. ಜನರಲ್ ಕೊನೆಯ ಹೊಳೆಯನ್ನೂ ದಾಟಿ ಆ ದಂಡೆಯಲ್ಲಿ ನಿಂತ. ದೋಣಿಗಳೆಲ್ಲ ಅವನ ಕಡೆ. ಈ ದಂಡೆಗೆ ಬಂದ ಸೇನಾಪತಿ ಹಸಿದ ಸೈನಿಕರನ್ನು ಕಟ್ಟಿಕೊಂಡು ಹೊಳೆ ನೋಡುತ್ತ ನಿಂತ. ಮುಂದೆ ಜನರಲ್ ತಿರುಗಿ ಬಂದು ಒಂದಾದ ಮೇಲೊಂದು ಕಾಳಗ ಮಾಡಿದ, ಒಂದಾದ ಮೇಲೊಂದು ಸೋತ. ಆದರೆ ಪ್ರತಿ ಸಲ ಗೆದ್ದವರೇ ಸವೆದು ಸವೆದು ಕಡೆಗೆ ಸಮುದ್ರದ ಕಡೆ ಹೋದರು. ಇಡೀ ಸೀಮೆ ಸೋತವನ ಕೈಗೆ ಬಂತು. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂದು ನಮ್ಮವರು ಹೇಳಿದ್ದನ್ನು ಆ ಪುಣ್ಯಾತ್ಮ ಮಾಡಿ ತೋರಿಸಿದ್ದ.

ಇಷ್ಟನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಊಟದ ತಟ್ಟೆಯಲ್ಲಿ ನೋಡಿದ್ದು. ಮುರಿದ ಜೋಳದ ರೊಟ್ಟಿ ಹೊಳೆ. ಈಚೆ ಶೇಂಗಾ ಚಟ್ನಿಪುಡಿ ಜನರಲ್‌ನ ದಂಡು, ಆಚೆ ಅಗಸಿ ಚಟ್ನಿಪುಡಿ ಇಂಗ್ಲಿಷರದು. ಮಾಮಾ ಶೇಂಗಾಪುಡಿಯನ್ನು ಬೆರಳಿನಿಂದ ಹಿಂದೆ ಹಿಂದೆ ಸರಿಸುತ್ತ ಹೋದಂತೆ ಅವರ ಅನ್ನ ಆರುತ್ತ ಹೋಗುತ್ತಿತ್ತು. ಒಮ್ಮೆ ಮಾಮಿ ತಡೆಯಲಾರದೆ ಎರಡೂ ದಂಡಿನ ಮೇಲೆ ಒಂದೊಂದು ಚಮಚ ಎಣ್ಣೆ ಸುರಿದು, "ಈಗ ಇಬ್ಬರೂ ಸತ್ರು, ಉಣ್ರಿ" ಎಂದರು. ಮಾಮಾ ತಕರಾರು ಮಾಡದೆ ಉಂಡರು. ಸೋತರಲ್ಲವೇ? ಸೋತರು. ಮರುದಿನ ಶೇಂಗಾಪುಡಿ ಮತ್ತೆ ಹೊಳೆ ದಂಡೆಯಲ್ಲಿತ್ತು.

ಶಾಲೆಯಲ್ಲಿದ್ದಾಗ ಪಠ್ಯಪುಸ್ತಕದಲ್ಲಿ ಈ ಯುದ್ಧಕ್ಕೆ ಇದ್ದದ್ದು ಅರ್ಧ ಪುಟ. ಜನರಲ್‌ಗೆ ಅರ್ಧ ಸಾಲೂ ಇರಲಿಲ್ಲ. ಮಾಮಾ ಮೂರು ವಾರ ಪಾಠ ಮಾಡಿದರು. ಹುಡುಗರನ್ನು ಮೈದಾನಕ್ಕೆ ಒಯ್ದು ಸುಣ್ಣದಲ್ಲಿ ಹೊಳೆ ಎಳೆದು, ಹಿಂದು ಹಿಂದಕ್ಕೆ ನಡೆಸಿದರು. ಆ ವರ್ಷ ಫ್ರಾನ್ಸಿನ ಕ್ರಾಂತಿಯ ಪ್ರಶ್ನೆಗೆ ಇಡೀ ತರಗತಿ ಜನರಲ್‌ನ ಕಥೆ ಬರೆದಿಟ್ಟು ಬಂತು. ಹೆಡ್‌ಮಾಸ್ತರರು ಕರೆಸಿ ಕೂಗಾಡಿದರು. ಮಾಮಾ ಎಲ್ಲದಕ್ಕೂ ಹೌದ್ರಿ ಹೌದ್ರಿ ಎನ್ನುತ್ತ, ಒಂದೊಂದು ಹೌದ್ರಿಗೆ ಒಂದೊಂದು ಹೆಜ್ಜೆ ಹಿಂದೆ ಇಡುತ್ತ, ಕೂಗಾಟ ಮುಗಿಯುವ ಹೊತ್ತಿಗೆ ಸ್ಟಾಫ್‌ರೂಮಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

ತರಕಾರಿ ವ್ಯಾಪಾರವೂ ಜನರಲ್‌ನ ಪದ್ಧತಿಯಲ್ಲೇ. ಒಂದು ದರ ಕೇಳುವುದು, ಆಗುವುದಿಲ್ಲ ಎಂದರೆ ಮರುಮಾತಿಲ್ಲದೆ ಹಿಂದೆ ಸರಿಯುವುದು. ಹತ್ತು ಹೆಜ್ಜೆಗೆ ಸರಿಯಾಗಿ, "ಆಯಿಯೇ ಮಾಸ್ಟರ್‌ಸಾಬ್, ಲೇ ಜಾಯಿಯೇ" ಎಂದು ಬಂಡಿಯವನು ಅದೇ ದರಕ್ಕೆ ಒಯ್ಯಲು ಕರೆಯುತ್ತಾನೆ. ಹಿಂದೆ ನೋಡಬಾರದು, ಹೆಜ್ಜೆ ತಪ್ಪಬಾರದು ಎಂದು ನನಗೂ ತರಬೇತಿ ಕೊಟ್ಟಿದ್ದರು. ಒಂದು ದಿನ ಹೊಸ ಹೆಂಗಸೊಬ್ಬಳು ಬದನೆಕಾಯಿ ಮಾರುತ್ತ ಕೂತಿದ್ದಳು. ಮಾಮಾ ಸರಿದರು. ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು, ಗಲ್ಲಿಯ ತಿರುವು ಬಂತು. ಅವಳು ತಲೆ ಎತ್ತಲೇ ಇಲ್ಲ. ಮಾಮಾ ಅದೇ ಗತ್ತಿನಲ್ಲಿ ಮನೆಯವರೆಗೂ ಹಿಂದೆ ಸರಿದು ಬಂದು ಖಾಲಿ ಚೀಲ ಮೊಳೆಗೆ ತೂಗುಹಾಕಿದರು. ಎಣ್ಣೆಗಾಯಿಗೆ ಮಸಾಲೆ ಅರೆದಿಟ್ಟುಕೊಂಡು ಕಾಯುತ್ತಿದ್ದ ಮಾಮಿಯ ಮುಖವನ್ನು ನೀವೇ ಊಹಿಸಿಕೊಳ್ಳಿ.

ಮಾಮಿಗೂ ತಮ್ಮದೊಂದು ದೂರು ಇತ್ತು. "ಬ್ಯಾರೆ ಗಂಡಂದಿರು ಜಗಳಾಡಿ ಜೀವಾ ತಿಂತಾರ, ಇವರು ಸೋತು ಸೋತು ನನ್ನ ಜೀವಾ ತಿಂದ್ರು." ಬಟ್ಟೆ ತೊಳೆಯುವ ಮಷಿನ್ ಬೇಕೆಂದು ಮಾಮಿ ಕೇಳಿದ ದಿನವೇ ಮಾಮಾ ಒಪ್ಪಿದರು. ಮರುವಾರ ಕೇಳಿದಾಗಲೂ ಒಪ್ಪಿದರು. ಹೀಗೆ ನಾಲ್ಕು ವರ್ಷ ಎಡೆಬಿಡದೆ ಒಪ್ಪಿದರು. ಒಪ್ಪಿದವರ ಮೇಲೆ ಯುದ್ಧ ಹೂಡುವುದು ಹೇಗೆ? ಕಡೆಗೆ ನನ್ನ ಮೊದಲ ಬೋನಸ್ಸಿನಲ್ಲಿ ನಾನೇ ತಂದೆ. ಮಾಮಾ ಮಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನೋಡು, ನಾ ಸೋತಿದ್ದಕ್ಕ ಮಷಿನ್ ಬಂತು" ಎಂದು ಮಾಮಿಗೆ ಹೇಳಿದರು.

ಇನ್ನು ನನ್ನ ಆಫೀಸು. ನಮ್ಮ ಗಿರಾಕಿ ಕಂಪೆನಿ ಅಮೆರಿಕದ್ದು, ಅದೂ ಜನರಲ್ ಓಡಾಡಿದ ಸೀಮೆಯದೇ ಎಂದು ಗೊತ್ತಾದದ್ದೇ ತಡ, ಮಾಮಾನಿಗೆ ಊಟ ಸೇರಲಿಲ್ಲ. "ನಿಮ್ಮ ಸಾಹೇಬಗ ಒಮ್ಮೆ ಕೇಳಲಾ, ಆ ಹೊಳೀಗೆ ಈಗ ನೀರು ಎಷ್ಟೈತಿ?" ಎಂದು ವಾರಗಟ್ಟಲೆ ಬೆನ್ನು ಹತ್ತಿದರು. ನಾನೂ ಮರ್ಯಾದೆ ಬಿಟ್ಟು, ಫೋನಿನ ಮೀಟಿಂಗ್ ಮುಗಿಯುವ ಹೊತ್ತಿಗೆ ಆ ಸಾಹೇಬನನ್ನು ಕೇಳಿದೆ. ಅವನಿಗೆ ಹೊಳೆ ಗೊತ್ತಿತ್ತು, ರಜೆಗೆ ಮೀನು ಹಿಡಿಯಲು ಹೋಗುತ್ತಿದ್ದನಂತೆ. ಜನರಲ್‌ನ ಹೆಸರು ಕೇಳಿರಲಿಲ್ಲ. ಮಾಮಾ ಎರಡು ದಿನ ಮಂಕಾಗಿ ಕೂತರು. ಮೂರನೆಯ ದಿನ ನಾನು ಕಂಪೆನಿಯ ಬಸ್ಸಿಗೆ ಹೊರಟಾಗ ಗಂಭೀರವಾಗಿ ಹೇಳಿದರು: "ಅಂಥವರಿಗೆ ಸಾಫ್ಟ್‌ವೇರ್ ಮಾಡಿ ಕೊಡಬ್ಯಾಡವಾ. ಉಪಕಾರ ನೆನಸೂ ಮಂದಿ ಅಲ್ಲ."

ಇಷ್ಟು ನಕ್ಕಾಯಿತಲ್ಲ, ಇನ್ನು ನನ್ನ ಸಂಕಟ ಹೇಳುತ್ತೇನೆ.

ಕೆಲಸಕ್ಕೆ ಸೇರಿ ಎರಡು ವರ್ಷಕ್ಕೆ ಅಪ್ಪ ಕಲಬುರ್ಗಿಯಲ್ಲೇ ಕೂತು ನನಗೊಂದು ಗಂಡು ಗೊತ್ತುಮಾಡಿದರು. ಹುಡುಗ ಮಾದಾಪುರದಲ್ಲೇ ಇನ್ನೊಂದು ಕಂಪೆನಿಯ ಎಂಜಿನಿಯರ್. ಮಿಯಾಪುರದಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದ. ಬೈಯಲು ಒಂದು ಕಾರಣವೂ ಸಿಗದಂಥ ಹುಡುಗ. ಮೂರು ಸಲ ಐಸ್‌ಕ್ರೀಮಿನಂಗಡಿಯಲ್ಲಿ ಭೇಟಿಯಾದೆವು. ಮೊದಲ ಸಲ ಫ್ಲ್ಯಾಟಿನ ಟೈಲ್ಸ್ ಬಗ್ಗೆ ಹೇಳಿದ. ಎರಡನೆಯ ಸಲ ಅಡುಗೆಮನೆಯ ಕಪಾಟುಗಳ ಬಗ್ಗೆ. ಮೂರನೆಯ ಸಲ, ಮದುವೆಯಾದ ಮೇಲೆ ನಾನು ಕೆಲಸ ಬಿಡುವುದರಿಂದ ಬಾಲ್ಕನಿಯಲ್ಲಿ ತುಳಸಿ ನೋಡಿಕೊಳ್ಳಲು ಹೊತ್ತು ಸಿಗುತ್ತದೆ ಎಂದ. ನಾನು ಕೆಲಸ ಬಿಡುತ್ತೇನೆಂದು ಯಾರಿಗೆ ಹೇಳಿದ್ದೆ? ಅವನು ಕೇಳಿಯೇ ಇರಲಿಲ್ಲ. ಮೂರು ಭೇಟಿಯಲ್ಲಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ, ಯಾವ ಐಸ್‌ಕ್ರೀಮ್ ಬೇಕೆಂದು ಕೂಡ.

ಆಫೀಸಿನಲ್ಲಿ ಮ್ಯಾನೇಜರನ ಜೊತೆ ವಾದ ಮಾಡುವ ನಾನು ಅವನೆದುರು ಮೂರು ಸಲವೂ ಗೋಣು ಆಡಿಸಿ ಬಂದಿದ್ದೆ. ಅಷ್ಟರಲ್ಲಿ ಅಪ್ಪ ಮಾತು ಕೊಟ್ಟಾಗಿತ್ತು. ಬರುವ ಭಾನುವಾರ ಮಾಮಾನ ಮನೆಯಲ್ಲೇ ಯಾದಿ. ನಮ್ಮ ಕಡೆ ಮದುವೆಗೆ ಮುಂಚೆ ಎರಡೂ ಕಡೆಯ ಹಿರಿಯರು ಕೂತು, ಯಾರು ಏನೇನು ಮಾಡಬೇಕೆಂದು ಒಂದು ಹಾಳೆಯಲ್ಲಿ ಬರೆದು, ಅರಿಶಿನ ಕುಂಕುಮ ಹಚ್ಚಿ ಸಹಿ ಹಾಕುತ್ತಾರೆ. ಅದೇ ಯಾದಿ. ಅದಾಯಿತೆಂದರೆ ಅರ್ಧ ಮದುವೆ ಆದಂತೆ.

ಶುಕ್ರವಾರ ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ಮಾಮಾನ ಮುಂದೆ ಎಲ್ಲ ಹೇಳಿ ಅತ್ತೆ. ಕೇಳುತ್ತ ಕೇಳುತ್ತ ಮಾಮಾನ ಕಣ್ಣು ಮಿನುಗಿತು. ನನಗೆ ಆಗಲೇ ಹೆದರಿಕೆಯಾಗಬೇಕಿತ್ತು.

"ಬ್ಯಾಡ ಅನ್ನೂದು ಬ್ಯಾಡ," ಎಂದರು. "ಎಲ್ಲಾದಕ್ಕೂ ಹೂಂ ಅನ್ನೂಣು. ಅವರು ಕೇಳಿದಂಗ ಕೇಳಿದಂಗ ನಾವು ಹಿಂದ ಸರಿಯೂಣು. ಅವರು ಮುಂದ ಬರ್ತಾರ, ಇನ್ನೂ ಕೇಳ್ತಾರ. ಕಡೀಕೆ ಅವರೊಳಗ ತಿಳಿವಳಿಕಿ ಇದ್ದ ಶಾಣ್ಯಾ ಒಬ್ಬಾಂವ ಇರತಾನಲಾ, ಅಂವಗ ನಾಚಿಕಿ ಬರತೈತಿ. ಇದು ಅತೀ ಆತು ಅಂತಾನ. ಅಲ್ಲಿಗೆ ಮಾತು ಮುರೀತು. ನಿಮ್ಮಪ್ಪನ ಮಾತೂ ಉಳೀತು."

"ಮಾಮಾ, ಶಾಣ್ಯಾ ಯಾರೂ ಇರಲಿಲ್ಲಂದ್ರ?"

"ಅಷ್ಟು ಮಂದ್ಯಾಗ ಒಬ್ಬಾಂವರೆ ಇರಂಗಿಲ್ಲೇನು?"

ಭಾನುವಾರ ಅಪ್ಪ ಅವ್ವ ಬೆಳಗಿನ ರೈಲಿಗೆ ಬಂದರು. ಹುಡುಗನ ಜೊತೆ ಅವನ ಕಡೆಯವರು ಒಂಬತ್ತು ಜನ. ಮಾತಾಡುವವರು ಒಬ್ಬರೇ, ಹುಡುಗನ ದೊಡ್ಡಪ್ಪ. ತೊಡೆಯ ಮೇಲೆ ಕೈಯೂರಿ ಕೂತರೆಂದರೆ ನಮ್ಮ ಸೋಫಾ ಅವರದೇ ಆಯಿತು. ಅಕ್ಷರ ಚೆನ್ನಾಗಿದೆ ಎಂದು ಯಾದಿ ಬರೆಯುವ ಕೆಲಸ ಮಾಮಾನಿಗೇ ಬಂತು. ಮಾಮಾ ಹಿತ್ತಲ ಬಾಗಿಲ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು, ಹಾಳೆಯ ತುದಿಗೆ ಅರಿಶಿನ ಹಚ್ಚಿ, 'ಶ್ರೀ' ಬರೆದು ತಯಾರಾದರು. ನಾನು ಅಡುಗೆಮನೆಯ ಬಾಗಿಲ ಹಿಂದೆ.

"ಮದುವಿ ಕಲಬುರ್ಗ್ಯಾಗ ಬ್ಯಾಡ್ರಿ, ಹೈದರಾಬಾದಿನ್ಯಾಗ ಆಗಲಿ," ಎಂದರು ದೊಡ್ಡಪ್ಪ.

"ಬರದೆ," ಎಂದರು ಮಾಮಾ.

"ನಾಷ್ಟಾಕ್ಕ ಎರಡು ಸಿಹಿ ಇರಬೇಕು."

"ಎರಡ್ಯಾಕ್ರಿ, ಮೂರು ಬರೀತೀನಿ."

ದೊಡ್ಡಪ್ಪ ಮಾಮಾನನ್ನು ಒಮ್ಮೆ ದಿಟ್ಟಿಸಿದರು. ಸೋಫಾದಲ್ಲಿ ಒಂದು ಗೇಣು ಮುಂದೆ ಬಂದರು. "ನಮ್ಮೂರಿನಿಂದ ಮಂದಿ ಬರಾಕ ಎರಡು ಬಸ್ಸು."

"ಟಿವಿ ಇರೂವು ಬರೀಲೇನ್ರಿ?"

"ಬರೀರಿ. ಬ್ಯಾಂಡು. ಮತ್ತ ಕುದುರಿ."

"ಬಿಳೀದೇನ್ರಿ?"

ಅವ್ವ ಅಪ್ಪನ ತೋಳು ಚಿವುಟುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಅಪ್ಪನ ಮುಖ ಅರಿಶಿನ ಹಚ್ಚಿದ ಆ ಹಾಳೆಯ ಬಣ್ಣಕ್ಕೆ ಬಂದಿತ್ತು. ಹಾಳೆಯ ಒಂದು ಮಗ್ಗುಲು ತುಂಬಿತು, ಮಾಮಾ ಹೊರಳಿಸಿದರು. ಒಬ್ಬರಾದರೂ ದಣಿಯಬೇಕೇ? ಒಬ್ಬರಿಗಾದರೂ ನಾಚಿಕೆ? ಒಂದೊಂದು ಸಾಲಿಗೂ ಆ ಒಂಬತ್ತು ಮುಖಗಳು ಹೂವಿನಂತೆ ಅರಳುತ್ತಿದ್ದವು! ಮಾಮಾನ ಲೆಕ್ಕದ ಶಾಣ್ಯಾ ಮನುಷ್ಯ ಆ ದಿನ ಊರಲ್ಲೇ ಉಳಿದುಬಿಟ್ಟಿದ್ದನೋ ಏನೋ.

ದೊಡ್ಡಪ್ಪ ಎರಡೂ ಕೈ ಜೋಡಿಸಿದರು. "ನಾ ಎಷ್ಟೋ ಯಾದಿ ಮಾಡೀನ್ರಿ. ಇಂಥಾ ಬೀಗರನ್ನ ನೋಡಿಲ್ಲ. ಇಂಥಾ ಸಂಬಂಧಕ್ಕ ತಡಾ ಯಾಕ್ರಿ? ಇದ ತಿಂಗಳದಾಗ ಮುಹೂರ್ತ ಐತಿ, ಮುಗಿಸೇ ಬಿಡೂಣು. ಇವತ್ತ ಹುಡುಗಿಗೆ ಉಡಿ ತುಂಬ್ರಿ." ಹುಡುಗನ ತಾಯಿ ಆಗಲೇ ಚೀಲದಿಂದ ಹಸಿರು ಸೀರೆ, ತೆಂಗಿನಕಾಯಿ ಹೊರತೆಗೆದರು. ಮೂರು ತಿಂಗಳಿಗೆ ಇದ್ದ ಮದುವೆ ಮೂರು ವಾರಕ್ಕೆ ಬಂತು. ಜನರಲ್ ಹಿಂದೆ ಸರಿದು ಸರಿದು ನನ್ನನ್ನು ಸೀದಾ ಮಂಟಪಕ್ಕೆ ತಂದು ನಿಲ್ಲಿಸಿದ್ದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಹಾಂ, ಒಂದು ಉಳೀತು," ಎಂದರು ದೊಡ್ಡಪ್ಪ. "ಮದುವಿಕಿಂತ ಮೊದಲ ಹುಡುಗಿ ನೌಕರಿ ಬಿಡಬೇಕು. ಅದನ್ನೂ ಬರದು ಸಹಿ ತಗೋರಿ."

ಮಾಮಾ ಬರೆಯಲಿಲ್ಲ. ಪೆನ್ನು ಹಾಳೆಯ ಮೇಲೆಯೇ ಇತ್ತು.

"ಬರೀರಿ ಮಾಸ್ತರ."

ಹಿತ್ತಲ ಬಾಗಿಲು ಅವರ ಮೊಣಕೈಯ ಹತ್ತಿರವೇ ಇತ್ತು, ತೆರೆದೇ ಇತ್ತು. ಚಪ್ಪಲಿ ಹೊಸ್ತಿಲಲ್ಲಿತ್ತು. ಸಣ್ಣದಕ್ಕೆಲ್ಲ ಅಲ್ಲಿಂದ ಜಾರಿಹೋದವರು, ಈಗ ಹೋಗಿಯೇ ಬಿಡುತ್ತಾರೆ ಎಂದು ನಾನು ಅಂದುಕೊಂಡೆ. ಮಾಮಾ ಪೆನ್ನಿನ ಟೊಪ್ಪಿ ಹಾಕಿ, ಕುರ್ಚಿಯಿಂದ ಎದ್ದು, ನಡುಮನೆಯ ಮಧ್ಯಕ್ಕೆ ಬಂದು ನಿಂತರು.

"ಇದನ್ನ ನಾ ಬರಿಯಂಗಿಲ್ಲರಿ," ಎಂದರು. "ಹುಡುಗಿಗೆ ಈ ಮದುವಿ ಮನಸ್ಸಿಲ್ಲ. ಶುಕ್ರವಾರನ ನನ್ನ ಮುಂದ ಹೇಳ್ಯಾಳ. ಅವರಪ್ಪಗ ಗೊತ್ತಿಲ್ಲ, ಅವರವ್ವಗ ಗೊತ್ತಿಲ್ಲ. ಗೊತ್ತಿದ್ದೂ ನಿಮ್ಮನ್ನ ಕೂಡಿಸಿ ಇಷ್ಟೆಲ್ಲಾ ಬರದದ್ದು ನನ್ನ ತಪ್ಪು. ಬೈಯೂದಿದ್ರ ನನಗ ಬೈರಿ, ಅವರಿಗೆ ಒಂದ ಮಾತೂ ಅನಬ್ಯಾಡ್ರಿ."

ಬೈದರು. ದೊಡ್ಡಪ್ಪ ಅರ್ಧ ಗಂಟೆ ಬೈದರು. ಮಾಸ್ತರಿಕೆಗೆ ಬೈದರು, ಬಿಳಿ ಕುದುರೆಗೆ ಬೈದರು, ಮಕ್ಕಳಿಲ್ಲದವನಿಗೆ ಮಕ್ಕಳ ಮದುವೆಯ ಸುದ್ದಿ ಯಾಕೆ ಎಂದೂ ಅಂದರು. ಅವ್ವ ಅಳುತ್ತ, "ಅಣ್ಣಾ, ಹಿಂಗ ಮಾಡಬಾರದಿತ್ತು" ಎಂದಳು. ಮಾಮಾ ಒಂದು ಹೆಜ್ಜೆಯನ್ನೂ ಹಿಂದಿಡಲಿಲ್ಲ. ವರ್ಷಗಳಿಂದ ನೋಯುತ್ತಿದ್ದ ಮೊಣಕಾಲಿನ ಮೇಲೆ ಹಾಗೇ ನಿಂತಿದ್ದರು.

ಅದನ್ನು ನೋಡುತ್ತ ನಾನು ಒಳಗೆ ಹೇಗೆ ನಿಲ್ಲಲಿ? ಹೊರಗೆ ಬಂದು ಅವರ ಪಕ್ಕ ನಿಂತೆ. ಹುಡುಗ ನನ್ನತ್ತ ನೋಡಿದ. "ಹೌದೇನು?" ಎಂದು ಕೇಳಿದ. ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ.

"ಹೌದು," ಎಂದೆ. "ನಾನ ಮೊದಲ ಹೇಳಬೇಕಿತ್ತು. ತಪ್ಪಾತು."

ಅವನು ಒಮ್ಮೆ ಗೋಣು ಆಡಿಸಿ, "ದೊಡ್ಡಪ್ಪಾ, ಸಾಕು ನಡೀರಿ" ಎಂದು ಎದ್ದ. ಸಿಟ್ಟಿನಿಂದೇನೂ ಹೇಳಲಿಲ್ಲ. ಅಷ್ಟು ಜನರಲ್ಲಿ ಶಾಣ್ಯಾ ಇದ್ದವನು ಅವನೇ ಎಂದು ನನಗೆ ಆಗ ತಿಳಿಯಿತು. ಅವನೂ ನಾನೂ ಇಬ್ಬರೂ ಪಾರಾದೆವು.

ಅವ್ವ ಆ ವರ್ಷ ದೀಪಾವಳಿಗೂ ಅಣ್ಣನನ್ನು ಮಾತಾಡಿಸಲಿಲ್ಲ. ಅಪ್ಪ ಮಾತ್ರ ರೈಲಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಯಾರಿಗೂ ಕೇಳದಂತೆ, "ಕುದುರಿ ಮಾತು ಬಂದಾಗ ನನಗೂ ಸಾಕಾಗಿತ್ತು ಬಿಡ್ರಿ" ಎಂದರು.

ಸಂಜೆ ಮಾಮಾ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದರು. ಮಾಮಿ ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಷ್ಟೋ ವಾರಗಳ ಮೇಲೆ ಎದೆಯ ಮೇಲಿನ ಭಾರ ಇಳಿದಿತ್ತು, ಆದರೂ ಅವರ ಮುಖ ನೋಡಲು ಸಂಕೋಚ.

"ಮಾಮಾ, ನನ್ನ ಸಲುವಾಗಿ ಎಷ್ಟು ಅನಿಸ್ಕೊಂಡ್ರಿ. ಬಾಗಲಾ ಬಾಜೂಕ ಇತ್ತಲಾ, ಯಾಕ ಸರೀಲಿಲ್ಲ?"

ಮಾಮಾ ಕಾಲನ್ನು ಇನ್ನೊಂದಿಷ್ಟು ಚಾಚಿದರು. ಆಮೇಲೆ ಮೆಲ್ಲಗೆ ಹೇಳಿದರು. "ಜನರಲ್ ಅಂಜಿ ಓಡಿದ್ದಲ್ಲವಾ. ಹಿಂದ ಸರದ್ರ ಅವನ ದಂಡು ಉಳೀತಿತ್ತು, ಅದಕ್ಕ ಸರದ. ಇವತ್ತ ನಾ ಸರದಿದ್ರ ನೀ ಹೋಗ್ತಿದ್ದಿ. ನನ್ನ ದಂಡಿನ್ಯಾಗ ಇರೂದ ಇಬ್ಬರು. ಈಕಿ ಒಬ್ಬಾಕಿ, ನೀ ಒಬ್ಬಾಕಿ."

ನನಗೆ ಅಳು ಬಂತು. ತಡೆದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಮಾಮಿ ಎಣ್ಣೆಯ ಕೈಯನ್ನೇ ನನ್ನ ತಲೆಯ ಮೇಲೆ ಇಟ್ಟರು.